ದನಿಗಳ ಬೇರೀಜು

ಕಳೆದ ಸಂಚಿಕೆಯಲ್ಲಿ ಊರಿನಿಂದ ಬಂದ ಮಿಡಿಗಾಯಿಯ ಭರಣಿಯು ರೈಲಿನಲ್ಲಿ ಪಟ್ಟ ಪಾಡನ್ನು ಬಣ್ಣಿಸಿ, ವಾಚಕರ ಬಾಯಲ್ಲಿ ವೃಥಾ ನೀರೂರಿಸಿದ ಅಪವಾದಕ್ಕೆ ಗುರಿಯಾದೆವು. ಆದ್ದರಿಂದ ಈ ಸಲ ಬಾಯಿಯ ಗೊಡವೆಗೆ ಹೋಗದೆ ಕಿವಿಯ ವಿಚಾರವಾಗಿ ನಾಲ್ಕು ಮಾತು ಬರೆಯುತ್ತೇವೆ. ಸಂಗೀತದಲ್ಲಿ ನಮಗೆ ಅಧಿಕಾರವೇನೂ ಇಲ್ಲ. ಸರಕಾರಿ ಕಚೇರಿಯಲ್ಲಿ ದಿನವಿಡೀ ನಾವು ಮಾಡುವುದು ಕೂಡುವ ಲೆಕ್ಕ. ಆದರೆ ಹಾಡಿನ ಧ್ವನಿಮುದ್ರಣವೂ ಕಟ್ಟಕಡೆಗೆ ಕೂಡುವ ಲೆಕ್ಕಕ್ಕೇ ಬಂದು ನಿಲ್ಲುತ್ತದೆಂದು ಈಚೆಗೆ ತಿಳಿದುದರಿಂದ ಸ್ವಲ್ಪ ಧೈರ್ಯ ಬಂದಿದೆ.

ನಡೆದದ್ದು ಇಷ್ಟು. ಹಳೆಯ ಸೋಬಾನೆ ಪದ, ಜೋಗುಳ, ಬೀಸುವ ಪದಗಳನ್ನು ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಅವನ್ನು ಮುದ್ರಿಸಿ ಇಡಬೇಕೆಂದು ನಮ್ಮ ಸಂಘದ ಮಹಿಳೆಯರು ಠರಾವು ಮಾಡಿದರು. ಅದಕ್ಕಾಗಿ ಮನೆಮನೆಯಿಂದ ವಂತಿಗೆಯೂ ಕೂಡಿತು. ಸ್ಥಳ ನಮ್ಮ ವಾಗ್ಳೆ ಎಸ್ಟೇಟೇ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು 1962ರಲ್ಲಿ ಹುಟ್ಟಿದ ಕಾಲಕ್ಕೆ ಮೊದಲು ಕಣ್ಣು ತೆರೆದ ಕೈಗಾರಿಕಾ ವಸಾಹತುಗಳಲ್ಲಿ ಇದೂ ಒಂದು. ಲೇಥು, ಪ್ರೆಸ್ಸು, ರಟ್ಟಿನ ಪೆಟ್ಟಿಗೆಗಳ ಈ ರಾಜ್ಯದಲ್ಲಿ ಒಂದು ಗಾಳಾದ ಅಟ್ಟದ ಮೇಲೆ ಪುಟ್ಟ ಸ್ಟುಡಿಯೋ ಒಂದಿದೆ. ಪಕ್ಕದ ಯಂತ್ರಗಳಿಗೆ ರಜೆ ಇರುವ ದಿನ ಅಲ್ಲಿ ಸರಸ್ವತಿಯ ಕೆಲಸ ನಡೆಯುತ್ತದೆ. ನಮ್ಮ ಅಕ್ಕನ ಮಗ ಅಲ್ಲಿ ಕೆಲಸ ಕಲಿಯುತ್ತಿದ್ದಾನೆ. ಆದ್ದರಿಂದ ಹೊರೆ ಅವನ ಹೆಗಲಿಗೆ ಬಿತ್ತು.

ಹಾಡುವವರು ಹನ್ನೊಂದು ಮಂದಿ. ಕಿಸನ್ ನಗರದವರಿಗೆ ನಲ್ಲಿಯಲ್ಲಿ ನೀರು ಬರುವ ಹೊತ್ತು ಒಂದು. ಶ್ರೀನಗರದವರ ಮಕ್ಕಳು ಶಾಲೆಯಿಂದ ಬರುವ ಹೊತ್ತು ಮತ್ತೊಂದು. ಹನ್ನೊಂದು ಮಂದಿ ಒಟ್ಟಿಗೆ ಬಿಡುವಾಗಿರುವುದು ಗ್ರಹಗಳೆಲ್ಲ ಒಂದೇ ರಾಶಿಯಲ್ಲಿ ಕೂಡಿದಷ್ಟೇ ಅಪರೂಪ. ಹೀಗಾಗಿ ಒಬ್ಬೊಬ್ಬರೇ ಬಂದು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಹಾರ್ಮೋನಿಯಂ ಕೇಳುತ್ತಾ ತಮ್ಮ ತಮ್ಮ ಪಾಲಿನದನ್ನು ಹಾಡಿ ಹೋದರು. ಹನ್ನೊಂದು ಕಂಠ, ಹಾರ್ಮೋನಿಯಂ ಒಂದು, ತಬಲಾದ ಎರಡು ಮೈಕು, ತಾಳ, ತಂಬೂರಿ. ಒಟ್ಟು ಹದಿನಾರು ಟ್ರ್ಯಾಕು. ನಮ್ಮ ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಹದಿನಾರು ವೋಚರು. ಇವನ್ನು ಸೇರಿಸಿ ಎಡಗಿವಿಗೊಂದು, ಬಲಗಿವಿಗೊಂದು, ಎರಡೇ ಮೊತ್ತಕ್ಕೆ ತರುವುದಕ್ಕೆ ಮಿಕ್ಸಿಂಗ್ ಎಂದು ಹೆಸರು.

ಹುಡುಗನು ತನ್ನ ಲ್ಯಾಪ್‌ಟಾಪಿನಲ್ಲಿಯೇ ಬೇರೀಜು ಹಾಕಿ ತಂದು ಸಮಿತಿಯ ಮುಂದೆ ಕೇಳಿಸಿದನು. ಎಲ್ಲರೂ ತಲೆದೂಗಿದರು. ನಮ್ಮ ಹಾರ್ಮೋನಿಯಂ ಮಾಸ್ತರರು ಮಾತ್ರ ದೂಗಲಿಲ್ಲ. “ಪದ ಸರಿ ಉಂಟು ಮಾರಾಯ್ರೆ, ಶ್ರುತಿಯೂ ಸರಿ ಉಂಟು. ಜೀವ ಮಾತ್ರ ಇಲ್ಲ. ಕಂಪ್ಯೂಟರಿನೊಳಗೆ ಕೂಡಿಸಿದ್ದಲ್ಲವೊ, ತಣ್ಣಗೆ ಉಂಟು” ಎಂದರು. ಅನಲಾಗ್ ಸಮ್ಮಿಂಗ್ ಎಂಬ ಒಂದು ಪೆಟ್ಟಿಗೆಯಿದೆಯೆಂದೂ, ಧ್ವನಿಗಳನ್ನು ಕಂಪ್ಯೂಟರಿನಿಂದ ಹೊರಗೆ ತಂದು ಅದರಲ್ಲಿ ಕೂಡಿಸಿದರೆ ಹಾಡಿಗೆ ಬಿಸುಪು ಬರುವುದೆಂದೂ ಅವರು ಯಾರಿಂದಲೋ ಕೇಳಿದ್ದರು. ಅಂಥ ಪೆಟ್ಟಿಗೆಯಿರುವ ಬೇರೊಂದು ಸ್ಟುಡಿಯೋದಲ್ಲಿ ವಿಚಾರಿಸಲಾಗಿ, ನಮ್ಮ ಎಲ್ಲ ಹಾಡುಗಳಿಗೆ ಹದಿನೆಂಟು ಸಾವಿರ ರೂಪಾಯಿ ಎಂದರು. ಹಾಡುಗಳ ಪುಸ್ತಿಕೆ ಅಚ್ಚುಹಾಕಿಸಲು ತೆಗೆದಿಟ್ಟ ಹಣವೂ ಸರಿಯಾಗಿ ಹದಿನೆಂಟೇ ಸಾವಿರ. ಅಂದರೆ ಬಿಸುಪು ಬೇಕಾದರೆ ಪುಸ್ತಿಕೆ ಇಲ್ಲ. ಪುಸ್ತಿಕೆ ಬೇಕಾದರೆ ಬಿಸುಪು ಇಲ್ಲ. ಸಮಿತಿಯು ಎರಡು ಪಕ್ಷವಾಯಿತು. ಲೆಕ್ಕದವನೆಂಬ ಕಾರಣಕ್ಕೆ ವಿಚಾರಿಸಿ ವರದಿ ಕೊಡುವ ಕೆಲಸವು ನಮಗೆ ಬಂತು.

ಮನೆಯಲ್ಲಿ ಈ ಸುದ್ದಿ ಹೇಳಿದಾಗ ನಮ್ಮ ಮನೆಯವರು, “ಇದೇನು ದೊಡ್ಡ ಸಮಸ್ಯೆ? ಒರಳುಕಲ್ಲಿನ ಚಟ್ನಿಗೂ ಮಿಕ್ಸಿಯ ಚಟ್ನಿಗೂ ವ್ಯತ್ಯಾಸ ಇದ್ದೇ ಇದೆ. ಆದರೆ ತೆಂಗಿನಕಾಯಿ ಎಂಥದು ಎಂದು ಮೊದಲು ನೋಡಬೇಕು” ಎಂದರು. ಆ ಮಾತನ್ನು ನಾವು ಆಗ ಅಷ್ಟಾಗಿ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಹಿಂದಿನವರು ಹೇಗೆ ಕೂಡಿಸುತ್ತಿದ್ದರೆಂಬುದನ್ನು ಮೊದಲು ವಿಚಾರಿಸಿದೆವು. ಉಡುಪಿ ಕಡೆಯವರೇ ಆದ ಪಿ. ಕಾಳಿಂಗರಾಯರು (1914–1981) ಮೋಹನಕುಮಾರಿ, ಸೋಹನಕುಮಾರಿ ಸೋದರಿಯರೊಡನೆ ಹಾಡಿದ ಕಾಲದ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಆ ಕಾಲದಲ್ಲಿ ಬೇರೆ ಬೇರೆ ಟ್ರ್ಯಾಕು ಎಂಬುದೇ ಇರಲಿಲ್ಲ. ಹಾಡುವವರೂ ನುಡಿಸುವವರೂ ಒಂದೇ ಕೋಣೆಯಲ್ಲಿ ಕೂಡಿ ಹಾಡಿ ನುಡಿಸಬೇಕು. ದನಿ ದೊಡ್ಡದಾದವರು ಮೈಕಿನಿಂದ ಹಿಂದೆ ಸರಿಯಬೇಕು, ಚಿಕ್ಕದಾದವರು ಮುಂದೆ ಬರಬೇಕು. ಬೇರೀಜು ಗಾಳಿಯಲ್ಲಿಯೇ ಆಗುತ್ತಿತ್ತು. ಒಮ್ಮೆ ಆದ ಮೇಲೆ ತಿದ್ದುವ ಹಾಗಿಲ್ಲ. ಒಬ್ಬರು ತಪ್ಪಿದರೆ ಎಲ್ಲರೂ ಮೊದಲಿನಿಂದ ಹಾಡಬೇಕು.

ಮದರಾಸಿನ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗೀತೆಗಳು ಮುದ್ರಣಗೊಳ್ಳುತ್ತಿದ್ದ ಕಾಲಕ್ಕೆ ಹಲವು ಮೈಕುಗಳು ಬಂದಿದ್ದುವು. ಅವನ್ನು ಕೂಡಿಸುವ ಮೇಜಿನ ಮುಂದೆ ಒಬ್ಬ ಇಂಜಿನಿಯರ್ ಕುಳಿತು, ಹಾಡು ನಡೆಯುತ್ತಿರುವಂತೆಯೇ ಬೆರಳಿನಿಂದ ಏರಿಳಿಸುತ್ತಿದ್ದನು. ನಮ್ಮ ಮುಂಬಯಿಯ ಪರೇಲಿನ ರಾಜಕಮಲ್ ಕಲಾಮಂದಿರದಲ್ಲಿ ಮಾತು, ಸಂಗೀತ, ಸದ್ದುಗಳನ್ನು ಹೀಗೆ ಹದವಾಗಿ ಬೆರೆಸುವುದರಲ್ಲಿ ಮಂಗೇಶ ದೇಸಾಯಿ ಎಂಬವರು ಹೆಸರಾಗಿದ್ದರು. ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆಯ ‘ನಿತ್ಯೋತ್ಸವ’ ಕ್ಯಾಸೆಟ್ಟು 1978ರಲ್ಲಿ ಬಂದು ಭಾವಗೀತೆಯು ಮನೆಮನೆಯ ಟೇಪ್ ರೆಕಾರ್ಡರಿಗೆ ಇಳಿಯಿತು. ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಹೋದ ಶಂಕರ್‌ನಾಗ್ ಅವರು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋವನ್ನು ಕಟ್ಟಿದರು. ಹಾಡು ಮುದ್ರಿಸಲು ಮದರಾಸಿಗೇ ಹೋಗಬೇಕೆಂಬ ಕಟ್ಟು ಸಡಿಲವಾಯಿತು. ಟೇಪಿನ ಮೇಲೆ ಎಂಟು, ಹದಿನಾರು, ಇಪ್ಪತ್ತನಾಲ್ಕು ಟ್ರ್ಯಾಕುಗಳು ಬಂದ ಮೇಲೆ ಹಾಡುವುದು ಇಂದು, ಕೂಡಿಸುವುದು ನಾಳೆ ಎಂಬ ಸೌಕರ್ಯವಾಯಿತು. 1991ರಲ್ಲಿ ಅಮೆರಿಕದಿಂದ ಪ್ರೋ ಟೂಲ್ಸ್ ಎಂಬುದು ಬಂತು. ಕಾಲಕ್ರಮದಲ್ಲಿ ಟೇಪೂ ಮೇಜೂ ಎರಡೂ ಕಂಪ್ಯೂಟರಿನ ಹೊಟ್ಟೆಗೆ ಸೇರಿದುವು.

ಇನ್ನು ಎರಡು ಬಗೆಯ ಕೂಡಿಕೆಯ ಮರ್ಮವನ್ನು ನಮಗೆ ತಿಳಿದ ಮಟ್ಟಿಗೆ ಹೇಳುತ್ತೇವೆ. ಅನಲಾಗ್ ಪೆಟ್ಟಿಗೆಯಲ್ಲಿ ಧ್ವನಿಯೆಂದರೆ ವಿದ್ಯುತ್ತಿನ ಏರಿಳಿತ. ಒಂದೊಂದು ಧ್ವನಿಯೂ ಒಂದೊಂದು ರೆಸಿಸ್ಟರಿನ ಮೂಲಕ ಬಂದು ಒಂದೇ ತಂತಿಗೆ ಸೇರುತ್ತದೆ. ಅದರ ಹಿಂದಿರುವ ಆಂಪ್ಲಿಫೈಯರು ಅವೆಲ್ಲದರ ಮೊತ್ತವನ್ನು ಎತ್ತಿಕೊಡುತ್ತದೆ. ಊರ ಹೊಳೆಗೆ ಹದಿನಾರು ತೊರೆ ಸೇರಿದಂತೆ. ತೊರೆಗಳು ನೀರಿನೊಡನೆ ಮಣ್ಣನ್ನೂ ತರುತ್ತವಷ್ಟೆ? ಹಾಗೆಯೇ ಪ್ರತಿ ದಾರಿಯೂ ತನ್ನ ಪಾಲಿನ ಸಣ್ಣ ಭುಸುಗುಟ್ಟುವ ಸದ್ದನ್ನು ತರುತ್ತದೆ. ಸಮನಾದ ಹದಿನಾರು ಭುಸುಗಳು ಕೂಡಿದರೆ ಒಂದು ಭುಸಿಗಿಂತ 12 ಡೆಸಿಬೆಲ್ ಹೆಚ್ಚಾಗುತ್ತದೆ. ಎಡಗಡೆಯದು ಬಲಗಡೆಗೆ ತುಸು ಸೋರುತ್ತದೆ. ಟ್ರಾನ್ಸ್‌ಫಾರ್ಮರ್ ಇದ್ದರೆ ಮೂಲಸ್ವರಕ್ಕೆ ಅದರ ಮೇಲಿನ ಸ್ವರಗಳ ಲೇಪ ತೆಳ್ಳಗೆ ಹತ್ತುತ್ತದೆ. ಮಾಸ್ತರರು ಕೇಳಿದ್ದ ಬಿಸುಪಿನ ಮೂಲ ಇಂಥವುಗಳಲ್ಲಿದೆ. ಇಂಗ್ಲೆಂಡಿನ ರೂಪರ್ಟ್ ನೀವ್ (1926–2021) ಎಂಬವರು 1970ರ ಸುಮಾರಿಗೆ ಮಾಡಿದ ಇಂಥ ಮೇಜುಗಳನ್ನು ಈಗಲೂ ಜನ ಹುಡುಕಿ ಕೊಳ್ಳುತ್ತಾರೆ. ಅವರೆಲ್ಲ ಭ್ರಮೆಯವರೆಂದು ಹೇಳುವ ಉದ್ಧಟತನ ನಮಗಿಲ್ಲ. ರುಚಿ ಅವರವರದು.

ಕಂಪ್ಯೂಟರಿನಲ್ಲಾದರೋ ಧ್ವನಿಯೆಂದರೆ ಅಂಕಿ. ಸಿ.ಡಿ.ಯ ಮಟ್ಟದಲ್ಲಿಯೇ ಒಂದು ಸೆಕೆಂಡಿಗೆ 44,100 ಅಂಕಿಗಳು. ಹದಿನಾರು ಟ್ರ್ಯಾಕುಗಳ ಆ ಕ್ಷಣದ ಹದಿನಾರು ಅಂಕಿಗಳನ್ನು ಕೂಡಿದರೆ ಆ ಕ್ಷಣದ ಮೊತ್ತ ಬರುತ್ತದೆ. ಇದನ್ನು ಕೇಳಿದೊಡನೆ ನಮಗೆ ನಮ್ಮ ಲೆಡ್ಜರೇ ಕಣ್ಣಿಗೆ ಕಟ್ಟಿತು. ಇಲ್ಲಿ ಇರುವ ಅಪಾಯವೂ ನಮಗೆ ಪರಿಚಿತವಾದದ್ದೇ: ಪೈಸೆಯ ಲೆಕ್ಕ. ಪ್ರತಿ ಸಾಲಿನಲ್ಲೂ ಪೈಸೆಗಳನ್ನು ಕತ್ತರಿಸುತ್ತಾ ಹೋದರೆ ಕೊನೆಯ ಮೊತ್ತ ತಪ್ಪುತ್ತದೆ. ಪೈಸೆಗಳನ್ನು ಕೊನೆಯವರೆಗೂ ಒಯ್ದು ಅಲ್ಲಿ ಒಮ್ಮೆ ಮಾತ್ರ ಸರಿಪಡಿಸಿದರೆ ತಪ್ಪುವುದಿಲ್ಲ. 16 ಬಿಟ್ಟಿನ ಅಂಕಿಗೆ 65,536 ಮೆಟ್ಟಿಲುಗಳಾದರೆ, 24 ಬಿಟ್ಟಿನದಕ್ಕೆ 1,67,77,216. ಮೊದಮೊದಲಿನ ಯಂತ್ರಗಳಲ್ಲಿ ಇಕ್ಕಟ್ಟಿದ್ದುದು ನಿಜ. ಈಗಿನ ತಂತ್ರಾಂಶಗಳು ಚುಕ್ಕಿಯನ್ನು ಬೇಕಾದಲ್ಲಿಗೆ ಸರಿಸಿಕೊಂಡು 32 ಅಥವಾ 64 ಬಿಟ್ಟುಗಳಲ್ಲಿ ಕೂಡುತ್ತವೆ. ಪ್ರೋ ಟೂಲ್ಸಿನವರು 2011ರಲ್ಲಿ ತಮ್ಮ ಬೇರೀಜನ್ನು 64 ಬಿಟ್ಟಿಗೆ ಏರಿಸಿದರು. ಅಲ್ಲಿ ಕಳೆದುಹೋಗುವ ಪೈಸೆಯು ಯಾವ ಮನುಷ್ಯನ ಕಿವಿಗೂ ಎಟುಕುವಂಥದಲ್ಲ.

ವರದಿಯಲ್ಲಿ ಇದಿಷ್ಟನ್ನೂ ಬರೆದೆವು. ಮಾಸ್ತರರು ಕನ್ನಡಕ ತೆಗೆದು, “ಬರೆದದ್ದು ಬೇಡ, ಕೇಳಿಸಿ ನೋಡುವ” ಎಂದರು. ನ್ಯಾಯವಾದ ಮಾತು. ಹುಡುಗನು ಗೆಳೆಯನೊಬ್ಬನನ್ನು ಕಾಡಿ ಬೇಡಿ ಒಂದು ಸಂಜೆಯ ಮಟ್ಟಿಗೆ ಅಂಥದೊಂದು ಪೆಟ್ಟಿಗೆಯನ್ನು ತಂದನು. ಬೀಸುವ ಪದವನ್ನು ಎರಡು ವಿಧದಲ್ಲಿಯೂ ಕೂಡಿಸಿ ಸಿದ್ಧಮಾಡಿದನು. ಯಾವುದು ಯಾವುದೆಂದು ಹೇಳದೆ ಎರಡನ್ನೂ ನಮ್ಮ ಮನೆಯ ಹಜಾರದಲ್ಲಿ ಕೇಳಿಸಿದನು. ಸಮಿತಿಯವರು ಒಂಬತ್ತು ಮಂದಿ ಚೀಟಿ ಬರೆದರು. ಏಳು ಚೀಟಿ ಪೆಟ್ಟಿಗೆಯ ಕಡೆಗೆ, ಎರಡು ಲ್ಯಾಪ್‌ಟಾಪಿನ ಕಡೆಗೆ. ಮಾಸ್ತರರು ಮೀಸೆ ನೀವಿಕೊಂಡರು. ಪುಸ್ತಿಕೆಯ ಆಸೆಯನ್ನು ನಾವು ಬಿಟ್ಟೆವು.

ಹುಡುಗನು ಮಾತ್ರ ಬಿಡಲಿಲ್ಲ. “ಮಾವ, ಪೆಟ್ಟಿಗೆಯದು ಮುಕ್ಕಾಲು ಡೆಸಿಬೆಲ್ ಜೋರಾಗಿದೆ. ಸ್ವಲ್ಪ ಜೋರಾದದ್ದು ಯಾವಾಗಲೂ ಚೆನ್ನಾಗಿ ಕೇಳಿಸುತ್ತದೆ. ಎರಡನ್ನೂ ಸಮ ಮಾಡುತ್ತೇನೆ” ಎಂದು ಸರಿಪಡಿಸಿ ಮತ್ತೆ ಕೇಳಿಸಿದನು. ಈ ಸಲ ಪೆಟ್ಟಿಗೆಗೆ ಐದು, ಲ್ಯಾಪ್‌ಟಾಪಿಗೆ ನಾಲ್ಕು. ಚೀಟಿ ಬಿಡಿಸಿದಾಗ, ಲ್ಯಾಪ್‌ಟಾಪಿನದೇ ಬಿಸುಪು ಎಂದು ಬರೆದವರಲ್ಲಿ ಮಾಸ್ತರರೂ ಇದ್ದರು. ಅವರು ದೊಡ್ಡ ಮನುಷ್ಯರು. ಎಲ್ಲರಿಗಿಂತ ಮೊದಲು ನಕ್ಕವರು ಅವರೇ.

ಹುಡುಗನು ಇನ್ನೊಂದು ಪರೀಕ್ಷೆಯನ್ನೂ ಮಾಡಿ ತೋರಿಸಿದನು. ಒಂದರ ಅಲೆಯನ್ನು ಮಗುಚಿ ಇನ್ನೊಂದರೊಡನೆ ಕೂಡಿಸುವುದು. ಅಂದರೆ ಒಂದನ್ನು ಜಮಾ, ಒಂದನ್ನು ಖರ್ಚು ಹಾಕುವುದು. ಎರಡೂ ತದ್ವತ್ತಾಗಿದ್ದರೆ ಶಿಲ್ಕು ಸೊನ್ನೆಯಾಗಿ ಮೌನ ಉಳಿಯಬೇಕು. ಇಲ್ಲಿ ಪೂರ್ತಿ ಮೌನ ಉಳಿಯಲಿಲ್ಲ. ಬಹಳ ಜೋರು ಮಾಡಿದಾಗ ಸೋನೆಮಳೆಯಂಥ ಭುಸು, ಅದರ ಹಿಂದೆ ಗೋಡೆಯಾಚೆ ಯಾರೋ ಹಾಡಿದಂತೆ ಹಾಡಿನ ನೆರಳು ಕೇಳಿಸಿತು. ಈ ನೆರಳಿಗೆ ಹದಿನೆಂಟು ಸಾವಿರ ಕೊಡುವುದೋ ಬೇಡವೋ ಎಂಬುದೇ ಈಗ ಪ್ರಶ್ನೆಯೆಂದು ನಾವು ಗಂಭೀರವಾಗಿ ಮುಕ್ತಾಯ ಭಾಷಣಕ್ಕೆ ಎದ್ದು ನಿಂತೆವು.

ಆಗ ಮೂಲೆಯಿಂದ ಒಂದು ದನಿ ಬಂತು.

ವಿಜಯಪುರದ ಕಡೆಯ ಅವ್ವ ಒಬ್ಬರು ನಮ್ಮ ಕಟ್ಟಡದಲ್ಲಿಯೇ ಮಗನ ಸಂಸಾರದೊಡನೆ ಇದ್ದಾರೆ. ಎಂಬತ್ತು ದಾಟಿದೆ. ಬೀಸುವ ಪದ ಅವರದು; ಉಳಿದ ಹತ್ತು ಮಂದಿಯೂ ಅದನ್ನು ಕಲಿತದ್ದು ಅವರ ಬಾಯಿಂದಲೇ. ಮನೆಯವರು ಚಹಾಕ್ಕೆಂದು ಕರೆದಿದ್ದರು. ಅಷ್ಟು ಹೊತ್ತೂ ಬಟ್ಟಲು ಹಿಡಿದು ಸುಮ್ಮನೆ ಕುಳಿತಿದ್ದವರು, “ಎಲ್ಲಾ ಚಲೋ ಕೇಳತೈತಿ ತಮ್ಮಾ. ಆದ್ರ ಇದರಾಗ ನನ್ನ ದನಿ ಯಾವ್ದು?” ಎಂದರು.

ಹುಡುಗನ ಮುಖ ಕೆಂಪಾಯಿತು. ಲ್ಯಾಪ್‌ಟಾಪಿನ ಕಡೆ ತಿರುಗಿದನು. ನಾವೂ ಬಗ್ಗಿ ನೋಡಿದೆವು. ಪರದೆಯ ಮೇಲೆ ಹದಿನಾರು ಪಟ್ಟಿಗಳಿದ್ದುವು. ಹದಿನೈದು ಬೆಳಗುತ್ತಿದ್ದುವು, ಒಂದು ಮಂಕಾಗಿತ್ತು. ಅವ್ವನ ಹಾಡು ಹಾರ್ಮೋನಿಯಂಗಿಂತ ಹಿಂದೆ ಬೀಳುತ್ತಿತ್ತಂತೆ. ಶ್ರುತಿಯೂ ಅಲ್ಲಲ್ಲಿ ಜಾರುತ್ತಿತ್ತಂತೆ. ಉಳಿದದ್ದನ್ನು ಹೊಂದಿಸಿಕೊಂಡು ಆಮೇಲೆ ತಿದ್ದೋಣವೆಂದು ಅದನ್ನು ಮೌನ ಮಾಡಿ ಇಟ್ಟಿದ್ದನು. ಆಮೇಲೆ ಎಂಬುದು ಬರಲೇ ಇಲ್ಲ. ಸಂಜೆಯೆಲ್ಲ ಜೀವದ ವಿಚಾರವಾಗಿ ವಾದ ಮಾಡಿದ ನಮ್ಮಲ್ಲಿ ಒಬ್ಬರಿಗೂ ಅದು ಗೊತ್ತಾಗಿರಲಿಲ್ಲ.

ಎಲ್ಲರಿಗಿಂತ ಹೆಚ್ಚಿನ ನಾಚಿಕೆ ನಮಗಾಯಿತು. ಮೊತ್ತದಲ್ಲಿ ಅನುಮಾನ ಬಂದರೆ ಮೊದಲು ವೋಚರು ಎಣಿಸಬೇಕೆಂಬುದು ಕಚೇರಿಗೆ ಸೇರಿದ ಮೊದಲ ವಾರದಲ್ಲಿ ನಮಗೆ ಹೇಳಿಕೊಟ್ಟ ಪಾಠ. ನಾವು 64 ಬಿಟ್ಟಿನ ಕೊನೆಯ ಪೈಸೆಯವರೆಗೆ ವಿಚಾರಿಸಿ ಮೂರು ಪುಟದ ವರದಿ ಬರೆದೆವು. ವೋಚರು ಹದಿನಾರೂ ಇವೆಯೇ ಎಂದು ಮಾತ್ರ ಎಣಿಸಲಿಲ್ಲ.

ಹುಡುಗನು ಅಲ್ಲಿಯೇ ಅವ್ವನ ಟ್ರ್ಯಾಕನ್ನು ತೆರೆದು ಕೇಳಿಸಿದನು. ಉಳಿದವರು ಮುಂದೆ ಓಡುತ್ತಿದ್ದರು; ಅವ್ವ ಹಿಂದೆ ತಮ್ಮ ಪಾಡಿಗೆ ನಡೆಯುತ್ತಿದ್ದರು. ಕೇಳಲು ಗೊಂದಲವಾಯಿತು. “ಎಳೆದು ಸರಿ ಮಾಡಬಹುದು ಮಾವ, ಯಂತ್ರದಲ್ಲಿ ಅದಕ್ಕೂ ಉಪಾಯವಿದೆ” ಎಂದನು. ಮಾಸ್ತರರು ಕೈ ಅಡ್ಡ ಹಿಡಿದರು. “ಬೇಡ. ಕಲ್ಲು ಬೀಸುವ ನಡಿಗೆ ಅವರಿಗೆ ಗೊತ್ತು. ನನ್ನ ಹಾರ್ಮೋನಿಯಂ ಓಡಿದ್ದು. ನಾವೇ ಅವರ ಹಿಂದೆ ಹೋಗುವ” ಎಂದರು. ಈ ಮಾತಿಗೆ ಚೀಟಿ ಬರೆಸುವ ಅಗತ್ಯ ಬೀಳಲಿಲ್ಲ.

ಮುಂದಿನ ತಿಂಗಳ ಒಂದು ಭಾನುವಾರ ಗ್ರಹಗಳೆಲ್ಲ ಕೂಡಿದುವು. ಶಾಲೆಯೊಂದರ ಕೋಣೆ ಪುಕ್ಕಟೆಯಾಗಿ ಸಿಕ್ಕಿತು. ರಸ್ತೆಯ ಸದ್ದು ಬಾರದಿರಲೆಂದೂ ಕೋಣೆ ಗುಂಯ್‌ಗುಡದಿರಲೆಂದೂ ಕಿಟಕಿಗಳಿಗೆ, ಗೋಡೆಗಳಿಗೆ ಅವ್ವನ ಮನೆಯ ಕೌದಿಗಳನ್ನು ತೂಗುಹಾಕಿದೆವು. ನಡುವೆ ಅವ್ವ, ಸುತ್ತ ಅರೆಚಂದ್ರನ ಹಾಗೆ ಉಳಿದ ಹತ್ತು ಮಂದಿ, ಎದುರಿಗೆ ಎರಡು ಮೈಕು. ಮಾಸ್ತರರು ಅಂದು ಹಾರ್ಮೋನಿಯಂ ಮುಟ್ಟಲಿಲ್ಲ. “ನೀವು ಎರಡು ಹೆಜ್ಜೆ ಹಿಂದೆ, ನೀವು ಒಂದು ಹೆಜ್ಜೆ ಮುಂದೆ” ಎಂದು ಜನರನ್ನೇ ಸರಿಸಿ ಸರಿಸಿ ಮಿಕ್ಸಿಂಗ್ ಮಾಡಿದರು. ಮೊದಲ ಸಲ ಯಾರದೋ ಬಳೆ ಸದ್ದಾಯಿತು. ಎರಡನೆಯ ಸಲ ಮೊಬೈಲು ಕೂಗಿತು. ಮೂರನೆಯ ಸಲ ಅವ್ವ ನಡುವೆ ಒಂದು ಸಾಲು ಮರೆತು ನಿಂತರು. ಪಕ್ಕದಲ್ಲಿದ್ದ ಸಾವರ್ಕರ್ ನಗರದ ಹುಡುಗಿ ಮೆಲ್ಲಗೆ ಮೊದಲ ಶಬ್ದ ಎತ್ತಿಕೊಟ್ಟಳು. ಹಾಡು ಮುಂದೆ ನಡೆಯಿತು. ಅದನ್ನೇ ಇಟ್ಟುಕೊಂಡೆವು.

ಆ ಎರಡು ಮೈಕುಗಳ ಮುದ್ರಣವನ್ನು ಹುಡುಗನು ಲ್ಯಾಪ್‌ಟಾಪಿನಲ್ಲಿಯೇ ಹೊಂದಿಸಿದನು. ಪೆಟ್ಟಿಗೆಯ ಮಾತನ್ನು ಯಾರೂ ಎತ್ತಲಿಲ್ಲ. ಮಿಕ್ಕ ಹಾಡುಗಳನ್ನು ಅವನು ಒಂದೊಂದಾಗಿ ಟ್ರ್ಯಾಕು ಎಣಿಸಿ ಮತ್ತೆ ಕೂಡಿಸಿದ್ದಾನೆ. ಪಕ್ಕದಲ್ಲಿ ಕುಳಿತು ಟಿಕ್ ಹಾಕಿದವರು ನಾವು. ಅವ್ವ ಮೊಮ್ಮಗನ ಮೊಬೈಲಿನಲ್ಲಿ ಬೀಸುವ ಪದ ಕೇಳಿ, ತಾವು ಮರೆತು ನಿಂತ ಜಾಗ ಬಂದಾಗ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. “ಇಲ್ಲೇ ನೋಡು, ಇಕೀನ ನನ್ನ ಕೈ ಹಿಡದಾಕಿ” ಎಂದರು.

ವಾಚಕರಲ್ಲಿ ನಮ್ಮದೊಂದು ವಿಜ್ಞಾಪನೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳ ನಿಮ್ಮ ಮನೆಗಳಲ್ಲಿ ಇಂಥ ಪದಗಳನ್ನು ಬಲ್ಲ ಅಜ್ಜಿಯೋ ಅವ್ವನೋ ಇದ್ದರೆ ಒಳ್ಳೆಯ ಯಂತ್ರ ಬರಲೆಂದು ಕಾಯಬೇಡಿ. ಫ್ಯಾನು ನಿಲ್ಲಿಸಿ, ಕಿಟಕಿ ಮುಚ್ಚಿ, ಮೊಬೈಲನ್ನು ಒಂದು ಮೊಳ ದೂರದಲ್ಲಿ ಮಡಚಿದ ಬಟ್ಟೆಯ ಮೇಲಿಟ್ಟು ಹಾಡಿಸಿಕೊಳ್ಳಿ. ಅವರ ಹೆಸರು, ಊರು, ಹಾಡಿದ ದಿನ, ಆ ಪದ ಯಾರಿಂದ ಬಂತೆಂಬುದನ್ನು ಅವರ ಬಾಯಿಂದಲೇ ಹೇಳಿಸಿ ಸೇರಿಸಿಡಿ. ಕೂಡಿಸುವುದನ್ನು ಯಾವಾಗ ಬೇಕಾದರೂ, ಯಾವ ಪೆಟ್ಟಿಗೆಯಲ್ಲಿ ಬೇಕಾದರೂ ಮಾಡಬಹುದು.

ಇನ್ನು ಸಂಘದ ಲೆಕ್ಕ. ಟೆಂಪೋ ಬಾಡಿಗೆ 1,400. ಚಹಾ, ವಡಾಪಾವು 900. ಶಾಲೆಯ ಕಾವಲುಗಾರನಿಗೆ 500. ಒಟ್ಟು 2,800 ರೂಪಾಯಿ. ಹದಿನೆಂಟು ಸಾವಿರದಲ್ಲಿ ಉಳಿದ 15,200ರಲ್ಲಿ ಪುಸ್ತಿಕೆ ಅಚ್ಚಿಗೆ ಹೋಗಿದೆ. ಪುಟ ಕಡಿಮೆಯಾದರೂ ಚಿಂತೆಯಿಲ್ಲ, ಅಕ್ಷರ ದಪ್ಪವಾಗಿರಬೇಕೆಂದು ಅವ್ವನ ಅಪ್ಪಣೆ. ವೋಚರುಗಳೆಲ್ಲ ನಮ್ಮಲ್ಲಿವೆ. ಎಣಿಸಿ ನೋಡಿದ್ದೇವೆ.